‘ವೇಸ್ಟ್’ ಎಂದು ಬರೆದದ್ದು ಯಾರ ನೆಲ?

ಕೊಪ್ಪಳ ಸೀಮೆಯ ಆಡುಮಾತಿನಲ್ಲಿ ‘ವೇಸ್ಟ್’ ಎಂಬ ಇಂಗ್ಲಿಷ್ ವಿಶೇಷಣವು ಇಂದು ಮನೆಯ ಮಾತಿನಂತೆ ಓಡಾಡುತ್ತಿದೆ. ಓದಲು ಒಲ್ಲದ ಹುಡುಗ ವೇಸ್ಟ್. ನೀರು ಬೀಳದ ಬೋರ್‌ವೆಲ್ಲಿಗೆ ಸುರಿದ ದುಡ್ಡು ವೇಸ್ಟ್. ಬಿತ್ತದೆ ಬಿಟ್ಟ ಜಾಗವೂ ವೇಸ್ಟ್. ಮೊದಲೆರಡರಿಂದ ಯಾರಿಗೂ ದೊಡ್ಡ ಹಾನಿಯಿಲ್ಲ. ಮೂರನೆಯದು ಹಾಗಲ್ಲ. ನೆಲದ ಮುಂದೆ ಬಂದು ಕುಳಿತ ಈ ಪದವು ಕಡತವನ್ನು ಸೇರುತ್ತದೆ. ಆ ನೆಲವನ್ನು ಯಾರಿಗೆ ಕೊಡಬಹುದು ಎಂಬುದನ್ನು ಕಡತವು ನಿರ್ಧರಿಸುತ್ತದೆ.

ಈ ಪದದ ಮೂಲ ಲ್ಯಾಟಿನ್ನಿನ ‘ವಾಸ್ಟಸ್’; ಬರಿದಾದದ್ದು, ಹಾಳು ಸುರಿಯುವಂಥದ್ದು ಎಂದು ಅದರ ಅರ್ಥ. ಆದರೆ ಹಿಂದಿನ ಇಂಗ್ಲೆಂಡಿನ ಹಳ್ಳಿಗಳಲ್ಲಿ ‘ವೇಸ್ಟ್’ ಎನಿಸಿಕೊಂಡ ಭೂಮಿ ಬರಿದಾಗಿರಲಿಲ್ಲ. ಒಡೆಯನ ಹೆಸರಿನಲ್ಲಿದ್ದರೂ ಅಲ್ಲಿ ಬಡವರು ದನ ಮೇಯಿಸುತ್ತಿದ್ದರು, ಸೌದೆ ತರುತ್ತಿದ್ದರು. ಉಳುಮೆಗೆ ಒಳಪಡದ್ದು ಎಂಬಷ್ಟೇ ಅದರ ಅರ್ಥವಾಗಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್, ಮನುಷ್ಯನ ದುಡಿಮೆ ತಗಲದೆ ಪ್ರಕೃತಿಗೇ ಬಿಟ್ಟ ನೆಲವನ್ನು ವ್ಯರ್ಥದ ಲೆಕ್ಕಕ್ಕೆ ಸೇರಿಸಿದನು. ಮುಂದಿನ ಎರಡು ಶತಮಾನಗಳಲ್ಲಿ ಅಲ್ಲಿನ ಸಾಮೂಹಿಕ ಭೂಮಿಗೆ ಕಾಯಿದೆಯ ಮೂಲಕ ಬೇಲಿ ಬಿದ್ದಿತು. ಅದೇ ದೃಷ್ಟಿ ಹಡಗನ್ನೇರಿ ಭಾರತಕ್ಕೂ ಬಂದಿತು.

ಈ ಪದದ ಒಡಹುಟ್ಟುಗಳೂ ಕಡಿಮೆಯವಲ್ಲ. ‘ಬ್ಯಾರನ್’ ಎಂಬುದು ಮೊದಲು ಮಕ್ಕಳಾಗದ ಹೆಣ್ಣಿಗೆ ಅಂಟಿದ ಪದ; ನೆಲಕ್ಕೆ ಅಂಟಿದ್ದು ಆಮೇಲೆ. ಕನ್ನಡದಲ್ಲೂ ಬಂಜೆ, ಬಂಜರು ಎಂಬ ಮಾತುಗಳು ಕಿವಿಗೆ ಒಂದೇ ಸಾಲಿನವಾಗಿ ಕೇಳಿಸುತ್ತವೆ. ಹೆತ್ತರೆ ಮಾತ್ರ ಬೆಲೆ ಎಂಬ ಈ ಲೆಕ್ಕಾಚಾರವು ಹೆಣ್ಣಿಗೆ ಎಷ್ಟು ಅನ್ಯಾಯವೋ ನೆಲಕ್ಕೂ ಅಷ್ಟೇ ಅನ್ಯಾಯ. ‘ಡಿಗ್ರೇಡೆಡ್’ ಎಂಬುದು ಕೊಂಚ ಸಭ್ಯವಾಗಿ ತೋರುತ್ತದೆ. ಆದರೆ ಕೆಡಿಸಿದವರು ಯಾರೆಂದು ಅದು ಹೇಳುವುದಿಲ್ಲ. ‘ಫ್ಯಾಲೋ’ ಒಂದೇ ನ್ಯಾಯವಾದ ಪದ, ಏಕೆಂದರೆ ಅದು ನೆಲಕ್ಕೆ ವಿಶ್ರಾಂತಿಯನ್ನು ಒಪ್ಪುತ್ತದೆ.

ಅಳವಂಡಿಯ ಸುತ್ತಲಿನ ಎರೆಭೂಮಿಯನ್ನೇ ನೋಡಬಹುದು. ಹಿಂಗಾರಿ ಜೋಳ, ಕಡಲೆ, ಕುಸುಬೆಗೆಂದು ಬಿಟ್ಟ ಹೊಲವು ಮುಂಗಾರಿನ ತಿಂಗಳುಗಳಲ್ಲಿ ಬರಿಯ ಕಪ್ಪು ಬಯಲಾಗಿ ಕಾಣುತ್ತದೆ. ರೈತನು ಕುಂಟೆ ಹೊಡೆದು, ಕಳೆ ತೆಗೆದು, ಬಿದ್ದ ಮಳೆಯನ್ನು ಮಣ್ಣಿನೊಳಗೆ ಕೂಡಿಡುತ್ತಿರುತ್ತಾನೆ. ಆ ತೇವವೇ ಚಳಿಗಾಲದ ಬೆಳೆಯನ್ನು ದಡ ಸೇರಿಸುವುದು. ಕುರಿಗಾರರನ್ನು ಕರೆದು ರಾತ್ರಿ ಹೊಲದಲ್ಲಿ ಕುರಿ ತರುಬಿಸಿದರೆ ಗೊಬ್ಬರವೂ ಸಿಕ್ಕಿತು. ಆ ಕುರಿಗಳು ಹಗಲು ಮೇಯುವ ಗುಡ್ಡದ ಓರೆ, ಹಳ್ಳದ ದಂಡೆ, ಗೈರಾಣಗಳೇ ಕಡತದಲ್ಲಿ ವೇಸ್ಟ್ ಎನಿಸಿಕೊಳ್ಳುವುದು. ಗೈರಾಣವೆಂಬ ಮಾತಿನಲ್ಲೇ ಹಸು ಇದೆ. ದನ ಮೇಯುವ ರಾನು ಎಂದು ಅದರ ಅರ್ಥ.

ಪಹಣಿಯ ‘ಖರಾಬು’ ಕಲಮು ಇನ್ನೂ ವಿಚಿತ್ರವಾದುದು. ಖರಾಬು ಎಂದರೆ ಕೆಟ್ಟದ್ದು. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ‘ಅ’ ಖರಾಬಿನಲ್ಲಿ ಸಾಗುವಳಿಗೆ ಬಾರದ ನೆಲದೊಂದಿಗೆ ರೈತನ ಕಣವೂ ಸೇರುತ್ತದೆ! ರಾಶಿಗೆ ಪೂಜೆ ಮಾಡುವ, ಚಪ್ಪಲಿ ಬಿಟ್ಟು ಕಾಲಿಡುವ ಕಣವು ಸರಕಾರದ ಲೆಕ್ಕದಲ್ಲಿ ಕೆಟ್ಟ ನೆಲ. ‘ಬ’ ಖರಾಬಿನಲ್ಲಿ ದಾರಿ, ಕೆರೆ, ಹಳ್ಳ, ಸ್ಮಶಾನಗಳಿವೆ. ಎಂದರೆ ಊರಿಗೆಲ್ಲ ಸೇರಿದವುಗಳು. ಕಂದಾಯ ಹುಟ್ಟದ್ದೆಲ್ಲ ಕೆಟ್ಟದ್ದು ಎಂಬುದಷ್ಟೇ ಇದರ ತರ್ಕ.

ಘಟ್ಟದ ಓದುಗರಿಗೆ ಈ ಬಯಲುಸೀಮೆಯ ಕಥೆ ಹೊಸದಾಗಬೇಕಿಲ್ಲ. ಬೇಣ, ಸೊಪ್ಪಿನಬೆಟ್ಟ, ಕಾನುಗಳೆಂದು ಬಗೆಬಗೆಯಾಗಿ ಕರೆದ ಭೂಮಿಗೆ ಹೊರಗಿನಿಂದ ಬಂದವರು ಇಟ್ಟ ಹೆಸರು ಒಂದೇ. ೧೯೮೪ರಲ್ಲಿ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯನ್ನು ಕಟ್ಟಿದಾಗ, ಸುಮಾರು ೩೦,೦೦೦ ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಯುವ ಯೋಜನೆಗೆ ಆಸರೆಯಾದದ್ದು ಅದು ‘ಪಾಳು’ ಎಂಬ ಮಾತು. ೧೯೮೭ರ ನವೆಂಬರ್ ೧೪ರಂದು, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಸಮಾಜ ಪರಿವರ್ತನ ಸಮುದಾಯವು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನೂ ತಟ್ಟಿತು. ೧೯೯೧ರಲ್ಲಿ ಆ ಕಂಪನಿ ಮುಚ್ಚಿತು.

ಕಂಪನಿ ಮುಚ್ಚಿದರೂ ಪದ ಉಳಿಯಿತು. ೨೦೦೦ದಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ವೇಸ್ಟ್‌ಲ್ಯಾಂಡ್ ಅಟ್ಲಾಸ್, ಕುರುಚಲು ಕಾಡನ್ನೂ ಸೊರಗಿದ ಹುಲ್ಲುಗಾವಲನ್ನೂ ಇದೇ ಶಿರೋನಾಮೆಯಡಿ ಎಣಿಸಿತು. ಹುಲ್ಲು ಬೆಳೆಯುವ ಜಾಗದಲ್ಲಿ ಮರ ನೆಟ್ಟರೆ ಪುಣ್ಯವೆಂಬ ನಂಬಿಕೆಯೂ ಜೊತೆಗೂಡಿತು. ರಾಣೆಬೆನ್ನೂರಿನ ಹುಲ್ಲುಬಯಲು ೧೯೭೪ರಲ್ಲಿ ವನ್ಯಧಾಮವಾದರೂ ಅಲ್ಲಿ ನೀಲಗಿರಿ ತುಂಬಿತು. ಎರೆಭೂತ ಹಕ್ಕಿಗೆ ನೆಲೆ ಇಲ್ಲವಾಯಿತು. ಇದಕ್ಕೆ ಎದುರಾಗಿ ಕೊಪ್ಪಳ ಜಿಲ್ಲೆಯಲ್ಲೇ, ಗಂಗಾವತಿ ಕಡೆಯ ಬಂಕಾಪುರದ ಕುರುಚಲು ಗುಡ್ಡಗಳನ್ನು ಈಗ ತೋಳಧಾಮವಾಗಿ ಕಾಯಲಾಗುತ್ತಿದೆ. ೨೦೨೫ರಲ್ಲಿ ಅಲ್ಲಿ ತೋಳವೊಂದು ಎಂಟು ಮರಿಗಳನ್ನು ಹಾಕಿತು.

ಇಂದು ಕೊಪ್ಪಳ, ಗದಗ ಸೀಮೆಯ ಬಯಲಿನಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿವೆ; ಸೌರಫಲಕಗಳಿಗೂ ನೆಲದ ಹುಡುಕಾಟ ನಡೆದಿದೆ. ಕಲ್ಲಿದ್ದಲಿಗಿಂತ ಇವು ಮೇಲು ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ‘ವೇಸ್ಟ್ ಜಾಗದಲ್ಲಿ ಹಾಕುತ್ತೇವೆ, ಯಾರಿಗೂ ತೊಂದರೆಯಿಲ್ಲ’ ಎಂಬ ಮಾತಿನ ಬಗ್ಗೆ. ನೂರು ದನಗಳಿಗೆ ೧೨ ಹೆಕ್ಟೇರ್ ಗೋಮಾಳ ಇರಬೇಕೆಂದು ಅದೇ ೧೯೬೬ರ ನಿಯಮಗಳು ಹೇಳುತ್ತವೆ. ಊರಿನ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು ೨೦೧೧ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಕಾನೂನು ಜನರ ಕಡೆಗಿರುವಾಗಲೂ ಒಂದು ವಿಶೇಷಣವು ಅದನ್ನು ಮಂಕು ಮಾಡಬಲ್ಲದು.

ಇದಕ್ಕೆ ಮದ್ದು ಹಳ್ಳಿಯಲ್ಲೇ ಇದೆ. ೨೦೦೨ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಸಮಿತಿಯಿರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ಅನೇಕ ಕಡೆ ಅದು ನೆಪಕ್ಕೆ ಮಾತ್ರ ತುಂಬಿದ ಪುಸ್ತಕ. ಕಾಲೇಜಿನ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಕುರಿಗಾರರ ಹಿಂದೆ ನಾಲ್ಕು ದಿನ ನಡೆದರೆ ಸಾಕು: ಯಾವ ಸರ್ವೆ ನಂಬರಿನ ನೆಲವನ್ನು ಊರವರು ಏನೆಂದು ಕರೆಯುತ್ತಾರೆ, ಯಾವ ತಿಂಗಳು ಯಾರ ಕುರಿ ಅಲ್ಲಿ ಮೇಯುತ್ತವೆ, ಯಾವ ಹುಲ್ಲು, ಯಾವ ಔಷಧಿ ಗಿಡ ಅಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಬರೆದು ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸಬಹುದು. ನೆಲವನ್ನು ಕೇಳಿಕೊಂಡು ಅರ್ಜಿ ಬರುವ ಮೊದಲೇ ಈ ಕೆಲಸ ಆಗಬೇಕು. ಬಂದ ಮೇಲೆ ಬರೆದದ್ದನ್ನು ತಹಶೀಲ್ದಾರರು ಆಕ್ಷೇಪಣೆ ಎಂದಷ್ಟೇ ಓದುತ್ತಾರೆ.