ತೊಳೆದರೆ ಹೋಗದ್ದು

"ಇರುವೆ ತಾನೆ, ಯಾವ ಸೊಪ್ಪು ಹಾಕಿದರೂ ತಿಂದೀತು" ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಿಳಿಯದೆ ಆಡುವ ಮಾತದು. ನನ್ನ ಜಗಳವಿರುವುದು ತಿಳಿದವರೊಡನೆ. ಇರುವೆಯನ್ನು ಮಾರಿ, ಜೊತೆಗೊಂದು ಪಟ್ಟಿ ಬರೆದುಕೊಟ್ಟು ಕೈ ತೊಳೆದುಕೊಳ್ಳುವವರೊಡನೆ.

2019ರ ಚಳಿಗಾಲದಲ್ಲಿ ನಾನು ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದೆ. ಪುತ್ತೂರು ಕಡೆಯ ಅಡಿಕೆ ಕೃಷಿಕನಿಗೆ ಅಲ್ಲಿ ಫೆಬ್ರವರಿಯಲ್ಲಿ ಮಾಡಲು ಏನಿರುತ್ತದೆ? ಮೊಮ್ಮಗ ಗಾಜಿನ ಪೆಟ್ಟಿಗೆಯಲ್ಲಿ ಎಲೆಕತ್ತರಿ ಇರುವೆಗಳನ್ನು ಸಾಕಿದ್ದ. ಅವಕ್ಕೆ ಸೊಪ್ಪು ತರುವ ಕೆಲಸ ಅಜ್ಜನ ಪಾಲಿಗೆ ಬಂತು. ಮಧ್ಯ ಅಮೆರಿಕ, ಟ್ರಿನಿಡಾಡ್‌ಗಳ ಮೂಲದ ಅಕ್ರೊಮಿರ್ಮೆಕ್ಸ್ ಎಂಬ ಬಗೆ. ಎಲೆಯ ಚೂರನ್ನು ಕೊಡೆಯ ಹಾಗೆ ತಲೆಯ ಮೇಲೆ ಎತ್ತಿಕೊಂಡು ಸಾಲಾಗಿ ನಡೆಯುವುದನ್ನು ನೋಡುತ್ತ ಕೂತರೆ ಊಟದ ಹೊತ್ತು ಮರೆಯುತ್ತಿತ್ತು.

ಇವು ಎಲೆ ತಿನ್ನುವುದಿಲ್ಲ. ಕತ್ತರಿಸುವಾಗ ಒಸರುವ ರಸವನ್ನು ಹೀರುತ್ತವೆ, ಅಷ್ಟೆ. ಎಲೆಯನ್ನು ಅಗಿದು ಮೆತ್ತಗೆ ಮಾಡಿ, ಅದರ ಮೇಲೆ ಒಂದು ಜಾತಿಯ ಬೂಷ್ಟು ಬೆಳೆಸುತ್ತವೆ. ಮರಿಹುಳುಗಳಿಗೆ ಅದೇ ಅನ್ನ. ಎಲೆ ಗೊಬ್ಬರ, ಬೂಷ್ಟು ಬೆಳೆ ಎಂಬುದನ್ನು ಥಾಮಸ್ ಬೆಲ್ಟ್ ಎಂಬಾತ ನಿಕರಾಗುವಾದಲ್ಲಿ ಕಂಡು 1874ರಲ್ಲೇ ಬರೆದಿದ್ದಾನೆ. ನಮ್ಮ ಹುತ್ತದ ಗೆದ್ದಲು ಮಾಡುವುದೂ ಇಂಥದೇ ಬೇಸಾಯ. ಮಳೆ ಹಿಡಿದಾಗ ನಾವು ಕಿತ್ತು ತಂದು ಪಲ್ಯ ಮಾಡುವುದು ಆ ತೋಟದ ಅಣಬೆಯನ್ನೇ. ಹಾಗಾಗಿ ಎಲೆ ಇರುವೆಗೆ ಆದೀತೇ ಎಂದು ಕೇಳಿದರೆ ಪ್ರಶ್ನೆ ಅರ್ಧವಾಯಿತು. ಬೂಷ್ಟಿಗೆ ಆದೀತೇ ಎಂದು ಕೇಳಬೇಕು.

ಮಾರಿದವನ ಪಟ್ಟಿಯಲ್ಲಿ ಬ್ರ್ಯಾಂಬಲ್ ಎಂಬ ಮುಳ್ಳುಬಳ್ಳಿ, ಪ್ರಿವೆಟ್ ಎಂಬ ಬೇಲಿಗಿಡ, ಓಕ್, ಗುಲಾಬಿ ಎಂದಿತ್ತು. ಕೆಳಗೆ ಒಂದು ಸಾಲು: ಚೆನ್ನಾಗಿ ತೊಳೆದು ಕೊಡಿ. ಆ ತಿಂಗಳ ಹದಿನಾಲ್ಕಕ್ಕೆ ಅಳಿಯಂದಿರು ಮಗಳಿಗೆ ಅಂಗಡಿಯ ಗುಲಾಬಿ ತಂದರು. ನಾಲ್ಕು ದಿನಕ್ಕೆ ಅದು ಬಾಡುತ್ತ ಬಂತು. ಪಟ್ಟಿಯಲ್ಲಿದೆಯಲ್ಲ ಎಂದು ನಾನೇ ಎಸಳು ಬಿಡಿಸಿ, ನಲ್ಲಿಯಡಿ ಹಿಡಿದು, ಪೆಟ್ಟಿಗೆಗೆ ಹಾಕಿದೆ. ಮದುವೆಮನೆಗೆ ಹೊರಟಂತೆ ಹೊತ್ತುಕೊಂಡು ಹೋದವು. ಮೂರನೆಯ ದಿನ ತೆಂಗಿನಕಾಯಿ ಗಾತ್ರದ ಬಿಳಿ ತೋಟ ಒಂದು ಮಗ್ಗುಲಿನಿಂದ ಕಂದಾಗಿ ಕುಸಿಯತೊಡಗಿತು. ಇರುವೆಗಳು ಅದನ್ನೇ ಚೂರುಚೂರಾಗಿ ಕಿತ್ತು ತಿಪ್ಪೆಗೆ ಹಾಕುತ್ತಿದ್ದವು. ಮೊಮ್ಮಗ ನನ್ನೊಡನೆ ಮಾತಾಡಲಿಲ್ಲ.

ಕೋರ್ಟಿನಲ್ಲಿ ಇದನ್ನು ಸಾಬೀತು ಮಾಡಲಾರೆ. ಆದರೆ ನಲವತ್ತು ವರ್ಷ ಅಡಿಕೆ ಗೊನೆಗೆ ಮದ್ದು ಬಿಡಿಸಿದವನು ನಾನು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆಷಾಢದ ಮಳೆಗೂ ಜಗ್ಗದಿರಲೆಂದು ರಾಳ ಸೋಡಾ ಬೇರೆ ಸೇರಿಸುತ್ತೇವೆ. ಮಳೆಗೆ ಹೋಗುವ ಮದ್ದು ಮದ್ದೇ ಅಲ್ಲ ಎಂದು ಕೆಲಸದವರಿಗೆ ಪಾಠ ಹೇಳಿದ ಬಾಯಿ ಇದು. ಅಂಥವನು ಅಡಿಗೆಮನೆಯ ನಲ್ಲಿಯನ್ನು ನಂಬಿದೆನಲ್ಲ! ಇನ್ನು ಬೇರಿನಿಂದಲೋ ಎಲೆಯಿಂದಲೋ ಒಳಗೆ ಸೇರಿ ಗಿಡದ ರಸದಲ್ಲೇ ಓಡಾಡುವ ಮದ್ದುಗಳಿವೆ. ಅವನ್ನು ತೊಳೆಯುವುದೆಂದರೆ ಹಾಲಿನಲ್ಲಿ ಬೆರೆತ ನೀರನ್ನು ತೊಳೆದಂತೆ.

ಗುಲಾಬಿಗೆ ಬೂದಿರೋಗ ಬರುತ್ತದೆ, ಅದೂ ಬೂಷ್ಟೇ. ಅದಕ್ಕಾಗಿ ಹೂತೋಟದವರು ಹೊಡೆಯುವುದು ಬೂಷ್ಟು ಕೊಲ್ಲುವ ಮದ್ದು. ತಿನ್ನುವ ಹಣ್ಣು ತರಕಾರಿಯಲ್ಲಿ ಮದ್ದು ಎಷ್ಟು ಉಳಿಯಬಹುದೆಂದು ಯುರೋಪಿನಲ್ಲಿ ಮಿತಿಯಿದೆ. ಮುಡಿಯುವ, ಮೂಸುವ ಹೂವಿಗೆ ಅಂಥ ಮಿತಿಯಿಲ್ಲ. ಕೀನ್ಯಾದಿಂದ ಬಂದೀತು, ನಮ್ಮ ಬೆಂಗಳೂರು ಹೊಸೂರುಗಳಿಂದಲೂ ಹೋದೀತು. ಪಟ್ಟಿ ಬರೆದವನಿಗೆ ಗಿಡದ ಹೆಸರು ಗೊತ್ತು, ಅದನ್ನು ಬೆಳೆಸಿದ ಕೈ ಗೊತ್ತಿಲ್ಲ.

ಹೇಳಿದರೆ ಆತನ ಉತ್ತರ ಕೇಳಿ: "ಆಗದ್ದನ್ನು ಇರುವೆ ಮುಟ್ಟುವುದಿಲ್ಲ, ಅದಕ್ಕೆ ಗೊತ್ತಾಗುತ್ತದೆ." ಗೊತ್ತಾಗುತ್ತದೆ, ನಿಜ, ಕೆಟ್ಟ ಮೇಲೆ. 1996ರಲ್ಲಿ ರಿಡ್ಲಿ, ಹೌಸ್, ಜಾಕ್ಸನ್ ಎಂಬವರು ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಬೂಷ್ಟು ಕೊಲ್ಲುವ ಮದ್ದು ಬೆರೆಸಿದ ಕಿತ್ತಳೆಯನ್ನು ಇರುವೆಗಳು ಮೊದಲು ಸಂತೋಷವಾಗಿಯೇ ಹೊತ್ತವು. ತೋಟಕ್ಕೆ ಪೆಟ್ಟು ಬಿದ್ದ ಮೇಲೆ ಅದನ್ನು ವಾರಗಟ್ಟಲೆ ಮುಟ್ಟಲಿಲ್ಲ. ದೊಡ್ಡ ಕಾಡಿನಲ್ಲಿ ಈ ಬುದ್ಧಿ ಸಾಕು, ಇನ್ನೊಂದು ಮರಕ್ಕೆ ಹೋದಾವು. ಗಾಜಿನ ಪೆಟ್ಟಿಗೆಯಲ್ಲಿ ನಾವು ಹಾಕಿದ್ದೇ ಕಾಡು.

ಮದ್ದು ಹೊಡೆಯದ ಗಿಡವೆಲ್ಲ ಕ್ಷೇಮವೆಂದೂ ಅಲ್ಲ. ನಮ್ಮ ಎಳ್ಳನ್ನೇ ನೋಡಿ. ಎಳ್ಳಿನ ಎಲೆ ಈ ಬೂಷ್ಟಿಗೆ ವಿಷವೆಂದು ಬ್ರೆಜಿಲ್‌ನವರು ಕಂಡುಕೊಂಡಿದ್ದಾರೆ. ನಾವು ಶ್ರಾದ್ಧಕ್ಕೆ ಬಳಸುವುದು, ಅಲ್ಲಿ ಇರುವೆಯ ಶ್ರಾದ್ಧಕ್ಕೇ ಆಯಿತು.

ಬ್ರೆಜಿಲ್‌ನ ರೈತರು ಇವನ್ನು ವಿಷದ ಗುಳಿಗೆಯಿಟ್ಟು ಕೊಲ್ಲುತ್ತಾರೆ, ನಿನ್ನದೇನು ಗಲಾಟೆ ಎಂದು ಅಳಿಯಂದಿರೇ ಕೇಳಿದರು. ಅವರ ಬೆಳೆ ಹೋಗುತ್ತದೆ, ಕೊಲ್ಲುತ್ತಾರೆ. ನಾನೂ ಕೃಷಿಕ, ತಪ್ಪೆನ್ನಲಾರೆ. ಆದರೆ ಹಣ ಕೊಟ್ಟು ಮನೆಗೆ ತಂದು, ಹೊರಗೆ ಹೋಗದಂತೆ ಮುಚ್ಚಿ, ನಾವು ಕೊಟ್ಟದ್ದನ್ನು ತಿನ್ನು ಎಂದ ಮೇಲೆ ಲೆಕ್ಕ ಬೇರೆ.

ಆಮೇಲೆ ನಾನು ಅಂಗಡಿಯ ಹೂವು, ನರ್ಸರಿಯ ಕುಂಡ, ಯಾರದೆಂದು ತಿಳಿಯದ ಬೇಲಿ ಯಾವುದನ್ನೂ ಮುಟ್ಟಲಿಲ್ಲ. ಹರುಕು ಇಂಗ್ಲಿಷಿನಲ್ಲಿ ಬೀದಿಯ ಮನೆಮನೆಗೆ ಹೋಗಿ, ನಿಮ್ಮ ಗಿಡಕ್ಕೆ ಏನು ಹೊಡೆಯುತ್ತೀರಿ ಎಂದು ಕೇಳಿದೆ. ಮೂಲೆಮನೆಯ ಮುದುಕಿಯೊಬ್ಬಳು, ಗಂಡ ಸತ್ತ ಮೇಲೆ ಹತ್ತು ವರ್ಷದಿಂದ ಏನೂ ಹೊಡೆದಿಲ್ಲ, ಕತ್ತರಿಸಿಯೂ ಇಲ್ಲ, ಬೇಕಾದಷ್ಟು ಒಯ್ಯಿ ಎಂದಳು. ಆ ಪ್ರಿವೆಟ್ ಸೊಪ್ಪಿನ ಮೇಲೆ, ಬೂಷ್ಟಿನ ಉಳಿದಿದ್ದ ನಿಂಬೆಹಣ್ಣಿನಷ್ಟು ತುಣುಕು ಮತ್ತೆ ಬೆಳೆಯಿತು. ಏಪ್ರಿಲ್‌ನಲ್ಲಿ ನಾನು ಊರಿಗೆ ಹೊರಟಾಗ ಮೂಸಂಬಿಯಷ್ಟಾಗಿತ್ತು.