ನೀರೊಲೆಗೆ ಹೋಗುವ ಪ್ಲಾಸ್ಟಿಕ್

ಚಳಿಗಾಲದಲ್ಲಿ ಬೆಳಗಿನ ಹೊತ್ತು ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಗೆ ಹೋದರೆ ಎಷ್ಟೋ ಮನೆಗಳಲ್ಲಿ ಹಂಡೆಯ ಕೆಳಗೆ ನೀರೊಲೆ ಉರಿಯುತ್ತಿರುತ್ತದೆ. ತೆಂಗಿನ ಗರಿ, ಮಟ್ಟೆ, ರೇಷ್ಮೆ ಮನೆಯವರಾದರೆ ಹಿಪ್ಪುನೇರಳೆ ಕಡ್ಡಿ; ಸೌದೆಗೆ ನಮ್ಮಲ್ಲಿ ಅಷ್ಟೇನೂ ಬರವಿಲ್ಲ. ಆದರೆ ಸೀಮೆಎಣ್ಣೆ ಮೊದಲಿನಂತೆ ಸಿಗದಿರುವುದರಿಂದ ಒಲೆ ಹೊತ್ತಿಸಲು ಬೇರೆಯದೇ ಉಪಾಯ ಬಂದಿದೆ. ಅದೇನೆಂದು ತರಗತಿಯಲ್ಲಿ ಕೇಳಿದೆ.

"ಕವರ್ ಸಾ. ಬೇಗ ಹತ್ಕತದೆ."

"ಯಾವ ಕವರ್?"

"ಯಾವುದಾದ್ರೇನು ಸಾ, ಎಲ್ಲಾ ಪ್ಲಾಸ್ಟಿಕ್ಕೇ ಅಲ್ವಾ?"

ಅಲ್ಲ ಎಂದು ಬಾಯಲ್ಲಿ ಹೇಳುವ ಬದಲು ಮರುದಿನ ಒಂದು ಬೇಸಿನ್ನಿನಲ್ಲಿ ನೀರು ತುಂಬಿಸಿ ತೋರಿಸಿದೆ. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಕುಡಿಯುವ ನೀರಿನ ಖಾಲಿ ಬಾಟಲಿಯ ಮೈಯಿಂದ ಒಂದು ಚೂರು ಕತ್ತರಿಸಿಕೊಳ್ಳಿ. ಅದರ ಮುಚ್ಚಳ, ಹಾಲಿನ ಕವರಿನ ಚೂರು, ಗೊಬ್ಬರದ ಚೀಲದ ಎಳೆ, ಪಿವಿಸಿ ಪೈಪಿನ ತುಂಡು, ಒಡೆದ ಸಿಡಿ ಡಬ್ಬಿಯ ತುಂಡು ಜೊತೆಗಿರಲಿ. ಗಾಳಿಗುಳ್ಳೆ ಅಂಟಿಕೊಂಡರೆ ಮುಳುಗಬೇಕಾದದ್ದೂ ತೇಲುತ್ತದೆ. ಆದುದರಿಂದ ನೀರಿಗೆ ಎರಡು ಹನಿ ಸೋಪಿನ ನೀರು ಬೆರೆಸಿ, ಚೂರುಗಳನ್ನು ಒಮ್ಮೆ ಅದ್ದಿ ಬಿಡಿ.

ಬಾಟಲಿಯ ಚೂರು, ಪೈಪು, ಸಿಡಿ ಡಬ್ಬಿ ತಳ ಸೇರುತ್ತವೆ. ಮುಚ್ಚಳ, ಹಾಲಿನ ಕವರು, ಚೀಲದ ಎಳೆ ತೇಲುತ್ತವೆ. ಒಂದೇ ಬಾಟಲಿಯಲ್ಲಿ ಎರಡು ಬಗೆಯ ಪ್ಲಾಸ್ಟಿಕ್ ಇದೆ ಎಂಬುದು ಮಕ್ಕಳಿಗೆ ಅಲ್ಲೇ ಗೊತ್ತಾಯಿತು. ಈಗ ಲೀಟರಿಗೆ 150 ಗ್ರಾಂನಂತೆ ಉಪ್ಪು ಕರಗಿಸಿ. ಸಿಡಿ ಡಬ್ಬಿಯ ತುಂಡು ಮೇಲೇಳುತ್ತದೆ. ಬಾಟಲಿ, ಪೈಪು ಏಳುವುದಿಲ್ಲ. ಏಕೆಂದರೆ ಸಿಡಿ ಡಬ್ಬಿಯ ಪಾಲಿಸ್ಟೈರೀನಿನ ಸಾಂದ್ರತೆ ಸುಮಾರು 1.05, ಬಾಟಲಿಯದು 1.38ರ ಆಸುಪಾಸು. ಬಲಿತ ಕಬ್ಬಿನ ಹಾಲಿನಲ್ಲೂ ಇದನ್ನೇ ಮಾಡಬಹುದು. ಆದರೆ ಮಂಡ್ಯದ ಮಕ್ಕಳ ಕೈಗೆ ಕಬ್ಬಿನ ಹಾಲು ಕೊಟ್ಟರೆ ಅದು ಬೇಸಿನ್ನಿನವರೆಗೆ ಬರುವುದು ಅನುಮಾನ. ಮರುಬಳಕೆ ಕಾರ್ಖಾನೆಗಳಲ್ಲಿ ಬಾಟಲಿ ಚೂರನ್ನೂ ಮುಚ್ಚಳದ ಚೂರನ್ನೂ ಬೇರ್ಪಡಿಸುವುದು ಇದೇ ತತ್ತ್ವದಿಂದ, ದೊಡ್ಡ ತೊಟ್ಟಿಗಳಲ್ಲಿ.

ಬೇಸಿನ್ ಇಲ್ಲದೆಯೂ ಗುರುತಿಸಲು ಒಂದು ದಾರಿಯಿದೆ. ಡಬ್ಬಿ, ಬಾಟಲಿಗಳ ತಳದಲ್ಲಿ ಮೂರು ಬಾಣಗಳ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಆರಂಭಿಸಿದ ಪದ್ಧತಿ ಇದು. ಬಾಣ ಇದೆಯೆಂದ ಮಾತ್ರಕ್ಕೆ ವಸ್ತು ಮರುಬಳಕೆ ಆಗಿಯೇ ಆಗುತ್ತದೆಂದು ಅರ್ಥವಲ್ಲ. ಅದು ಬಗೆಯ ಗುರುತು ಅಷ್ಟೆ. 1 ಎಂದರೆ ನೀರಿನ ಬಾಟಲಿಯ ಪಿಇಟಿ. 2 ಗಟ್ಟಿ ಪಾಲಿಥೀನ್, ಅಡುಗೆ ಎಣ್ಣೆ ಕ್ಯಾನಿನಂಥದು. 4 ಮೆದು ಪಾಲಿಥೀನ್, ಹಾಲಿನ ಕವರಿನದು. 5 ಪಾಲಿಪ್ರೊಪಿಲೀನ್: ಗೊಬ್ಬರದ ಚೀಲ, ಹೋಟೆಲಿನ ಪಾರ್ಸೆಲ್ ಡಬ್ಬಿ. 6 ಪಾಲಿಸ್ಟೈರೀನ್, ಥರ್ಮೋಕೋಲ್ ಇದರದೇ ಉಬ್ಬಿದ ರೂಪ. 7 ಉಳಿದೆಲ್ಲವೂ. ಚಿಪ್ಸ್ ಪೊಟ್ಟಣದಂತೆ ಹಲವು ಪದರ ಅಂಟಿಸಿ ಮಾಡಿದ್ದನ್ನು ಬಿಡಿಸಿ ಬೇರೆ ಮಾಡುವುದು ಕಷ್ಟವಾದ್ದರಿಂದ ಗುಜರಿಯವರು ಅದನ್ನು ಮುಟ್ಟುವುದಿಲ್ಲ.

3ನ್ನು ಬೇಕೆಂದೇ ಬಿಟ್ಟಿದ್ದೆ. ಅದು ಪಿವಿಸಿ: ಪೈಪು, ಕರೆಂಟ್ ವೈರಿನ ಹೊದಿಕೆ, ರೆಕ್ಸಿನ್. ಪಾಲಿಥೀನಿನಲ್ಲಿ ಇರುವುದು ಇಂಗಾಲ ಮತ್ತು ಜಲಜನಕ, ಸೀಮೆಎಣ್ಣೆಯಲ್ಲಿ ಇರುವಂತೆಯೇ. ಅದಕ್ಕೇ ಅದು ಬೇಗ ಹತ್ತಿಕೊಳ್ಳುತ್ತದೆ. ಹಾಗೆಂದು ಅದೂ ನಿರಪಾಯವಲ್ಲ. ಗಾಳಿ ಸಾಲದ ನೀರೊಲೆಯಲ್ಲಿ ಮಸಿಯೂ ಕಾರ್ಬನ್ ಮಾನಾಕ್ಸೈಡೂ ಬರುತ್ತವೆ. ಶುದ್ಧ ಪಿವಿಸಿಯಲ್ಲಾದರೋ ತೂಕದ ಅರ್ಧಕ್ಕಿಂತ ಹೆಚ್ಚು, ಶೇಕಡಾ 57ರಷ್ಟು, ಕ್ಲೋರಿನ್. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಕಣ್ಣು, ಗಂಟಲಿನ ತೇವಕ್ಕೆ ಸೇರಿದರೆ ಪ್ರಯೋಗಾಲಯದ ಹೈಡ್ರೋಕ್ಲೋರಿಕ್ ಆಮ್ಲವೇ. ಡಯಾಕ್ಸಿನ್‌ಗಳೂ ಉಂಟಾಗುತ್ತವೆ. ಇವು ಅತ್ಯಲ್ಪ ಪ್ರಮಾಣದಲ್ಲೂ ವಿಷ, ಬೇಗ ಕೊಳೆಯುವುದಿಲ್ಲ, ದೇಹದ ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ತಾಮ್ರ ಇದ್ದರೆ ಡಯಾಕ್ಸಿನ್ ಇನ್ನೂ ಸುಲಭವಾಗಿ ಹುಟ್ಟುತ್ತದೆ. ಹಳೆ ವೈರು ಸುಟ್ಟು ತಾಮ್ರ ಮಾರಿ ಕೈಖರ್ಚಿಗೆ ಮಾಡಿಕೊಳ್ಳುವ ಹುಡುಗರು ನಮ್ಮ ಊರುಗಳಲ್ಲಿದ್ದಾರೆ. ಅವರ ತಂದೆತಾಯಿಗಳು ದಯವಿಟ್ಟು ಈ ಸಾಲುಗಳನ್ನು ಎರಡು ಸಲ ಓದಬೇಕು.

ಹೊಗೆ ಹೋದರೂ ಬೂದಿ ಉಳಿಯುತ್ತದೆ. ಒಲೆಯ ಬೂದಿಯಲ್ಲಿ ಪಾತ್ರೆ ಬೆಳಗುವವರು ಇನ್ನೂ ಇದ್ದಾರೆ, ಉಳಿದದ್ದು ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ.

ಹಾಗಾದರೆ ಕವರನ್ನು ಏನು ಮಾಡುವುದು? ಹಾಲಿನ ಕವರಿನಿಂದ ಶುರುಮಾಡಿ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಯಿಂದ ಬರುವ ನಂದಿನಿ ಕವರು ಒಳ್ಳೆಯ ಪಾಲಿಥೀನು, ತೊಳೆದು ಒಣಗಿಸಿ ಗಂಟು ಕಟ್ಟಿಟ್ಟರೆ ಕೊಳ್ಳುವವರಿದ್ದಾರೆ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡರಿಸಬೇಡಿ. ಆ ಚಿಕ್ಕ ಚೂರನ್ನು ಯಾರೂ ಆಯುವುದಿಲ್ಲ, ಅದು ಚರಂಡಿಯಿಂದ ನಾಲೆಗೆ ಹೋಗುತ್ತದೆ. ಸೀಳಿ ಬಿಟ್ಟರೆ ಸಾಕು, ಕವರಿಗೇ ಅಂಟಿಕೊಂಡಿರುತ್ತದೆ.

ಕೆಲವನ್ನು ಮನೆಗೆ ತರದಿರುವುದೇ ಲೇಸು. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಕೊಳವೆಗಳೂ ನಿಷಿದ್ಧ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ಕಳಿಸುವ ನಮಗೆ ಎಳನೀರನ್ನು ಎತ್ತಿ ಕುಡಿಯಲು ಯಾರೂ ಕಲಿಸಬೇಕಾಗಿಲ್ಲ. ಬಿಸಿ ಸಾಂಬಾರನ್ನು ತೆಳು ಕವರಿನಲ್ಲಿ ಕಟ್ಟಿಸಿಕೊಳ್ಳುವ ಬದಲು ಕ್ಯಾರಿಯರ್ ಕೊಂಡೊಯ್ದರೆ ಹೋಟೆಲಿನವರೇನೂ ಬೇಡವೆನ್ನುವುದಿಲ್ಲ.

ವಾರದ ನಂತರ ಅದೇ ಹುಡುಗ ಬಂದು, ಅಜ್ಜಿ ಈಗ ತೆಂಗಿನ ನಾರಿನಲ್ಲೇ ಒಲೆ ಹತ್ತಿಸುತ್ತಾರೆ ಎಂದ. ಆಮೇಲೆ ಹರಿದ ಹವಾಯಿ ಚಪ್ಪಲಿಯೊಂದನ್ನು ತೋರಿಸಿ, "ಇದ್ಯಾವ ನಂಬರು ಸಾ? ಇದನ್ನೂ ಒಲೆಗೆ ಹಾಕ್ತಾರೆ" ಎಂದ. ತಿರುಗಿಸಿ ನೋಡಿದೆ, ನಂಬರಿಲ್ಲ. ಬೇಸಿನ್ನಿಗೆ ಹಾಕಿದೆವು, ತೇಲಿತು. ಸ್ಪಂಜಿನಂತೆ ಒಳಗೆ ಗಾಳಿ ತುಂಬಿರುವ ವಸ್ತುಗಳಿಗೆ ನಮ್ಮ ಪರೀಕ್ಷೆ ನಡೆಯುವುದಿಲ್ಲ. ಯಾವುದೆಂದು ತಿಳಿಯದ್ದನ್ನು ಸುಡಬೇಡ ಎಂದೆ. ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ.