ಸೋಸಿದ ನೀರು, ಸೋಸದ ಚಿನ್ನ

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಜೈನ ಸಮಾಜವು ತಾನು ಕೊಳ್ಳುವ ವಜ್ರವೂ ಚಿನ್ನವೂ ಎಲ್ಲಿಂದ ಬಂದವೆಂದು ಕೇಳುವುದಿಲ್ಲ. ಈ ಮೌನವನ್ನು ಅಜ್ಞಾನವೆಂದು ಕ್ಷಮಿಸಲಾಗದು.

ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಕೋನೋ ಪ್ರದೇಶದ ವಜ್ರದ ನೆಲವನ್ನು ವಶಪಡಿಸಿಕೊಂಡ ಬಂಡುಕೋರರು ಬಾಲಕರ ಕೈಗೆ ಬಂದೂಕು ಕೊಟ್ಟರು. ಹಳ್ಳಿಗರ ಕೈಗಳನ್ನೇ ಕಡಿದರು. ವಜ್ರಗಳು ಲೈಬೀರಿಯದ ದಾರಿಯಾಗಿ ಹೊರಹೋದವು, ಶಸ್ತ್ರಾಸ್ತ್ರಗಳು ಒಳಬಂದವು. ಲೈಬೀರಿಯದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಟೇಲರನಿಗೆ 2012ರಲ್ಲಿ 50 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆ ಕಲ್ಲುಗಳನ್ನು ಕೊಂಡ ಪೇಟೆ ಮಾತ್ರ ಅದೇ ಕಟಕಟೆಯಲ್ಲಿ ನಿಲ್ಲಲಿಲ್ಲ.

2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ಪ್ರಮಾಣಪತ್ರವು ಸರ್ಕಾರದ ವಿರುದ್ಧ ಹೋರಾಡುವ ಬಂಡುಕೋರರ ವಜ್ರವನ್ನಷ್ಟೇ ದೂಷಿತವೆಂದು ಎಣಿಸುತ್ತದೆ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಸರ್ಕಾರದ ಸೈನಿಕರೇ ವಜ್ರ ಅಗೆಯುವವರನ್ನು ಕೊಂದರು. ಆದರೂ 2011ರಲ್ಲಿ ಅಲ್ಲಿಯ ರಫ್ತಿಗೆ ಒಪ್ಪಿಗೆ ದೊರೆಯಿತು. ಸುಡಾನಿನಲ್ಲಿ 2023ರ ಏಪ್ರಿಲಿನಿಂದ ಹೊತ್ತಿ ಉರಿಯುತ್ತಿರುವ ಯುದ್ಧಕ್ಕೂ ಚಿನ್ನವೇ ಇಂಧನ. ಡಾರ್ಫರಿನ ಚಿನ್ನ ಅರೆಸೇನಾ ಪಡೆಯ ಬೊಕ್ಕಸ ತುಂಬುತ್ತದೆ. ಸೈನ್ಯದ ಖರ್ಚಿಗೂ ಚಿನ್ನವೇ ಆಧಾರ. ಕಳ್ಳದಾರಿಯಲ್ಲಿ ದುಬೈ ಸೇರಿ ಒಮ್ಮೆ ಕರಗಿದ ಚಿನ್ನಕ್ಕೆ ಹುಟ್ಟೂರಿಲ್ಲ. ಭಾರತಕ್ಕೆ ಚಿನ್ನ ಬರುವ ದೊಡ್ಡ ಬಾಗಿಲುಗಳಲ್ಲಿ ದುಬೈಯೂ ಒಂದು.

ಇದು ದೂರದ ಕಥೆಯಲ್ಲ. ಜಗತ್ತಿನ ವಜ್ರಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಸೂರತ್ತಿನಲ್ಲಿ ಸಾಣೆ ಕಾಣುತ್ತವೆ. ಮುಂಬಯಿ, ಆಂಟ್‌ವರ್ಪ್‌ಗಳ ವಜ್ರದ ಪೇಟೆಯಲ್ಲಿ ಪಾಲನಪುರ ಮೂಲದ ಜೈನ ಮನೆತನಗಳ ಪಾಲು ದೊಡ್ಡದು. ಮದುವೆಗೆ ಒಡವೆ ಕೊಳ್ಳುವ ಕನ್ನಡ ಜೈನರು ಅದೇ ಸರಪಳಿಯ ಕೊನೆಯ ಕೊಂಡಿ.

“ಕಾಗದಪತ್ರ ಸರಿಯಿದೆ, ಸುಂಕ ಕಟ್ಟಿದೆ, ಯಾರನ್ನೂ ಕೊಂದಿಲ್ಲ” ಎಂಬ ಸಮಾಧಾನ ಶ್ರಾವಕನಿಗೆ ಸಲ್ಲದು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕಳ್ಳತನಕ್ಕೆ ಪ್ರೇರಿಸುವುದರ ಪಕ್ಕದಲ್ಲೇ ತದಾಹೃತಾದಾನವನ್ನು, ಅಂದರೆ ಕದ್ದು ತಂದುದನ್ನು ಕೊಳ್ಳುವುದನ್ನು, ಎಣಿಸಿದ್ದಾರೆ. ಕೊಂಡವನ ಹೊಣೆಯನ್ನು ಶಾಸ್ತ್ರ ಎಂದೋ ನಿರ್ಣಯಿಸಿದೆ.

ಆಫ್ರಿಕದ ಚಿನ್ನವನ್ನೆಲ್ಲ ಬಹಿಷ್ಕರಿಸುವುದು ಪರಿಹಾರವಲ್ಲ. ಮಣ್ಣು ತೊಳೆದು ಹೊಟ್ಟೆ ಹೊರೆಯುವ ಬಡವರಿಗೆ ಅದರಿಂದ ಪೆಟ್ಟು ಬೀಳುತ್ತದೆ. ಬೇಕಾದುದು ಪ್ರಶ್ನೆ. ಯಾವ ಗಣಿ, ಯಾವ ದಾರಿ ಎಂಬುದನ್ನು ವರ್ತಕರು ಬರೆದುಕೊಡಲಿ. ಕೊಳ್ಳುವವರು ಅದನ್ನು ಕೇಳಿ ಪಡೆಯಲಿ. ಕಲಶಕ್ಕೆ ಚಿನ್ನ ಸ್ವೀಕರಿಸುವ ಬಸದಿಯ ಸಮಿತಿಗಳೂ ಇದೇ ಪ್ರಶ್ನೆ ಕೇಳಲಿ. ನೀರಿನೊಳಗಿನ ಕಾಣದ ಜೀವಕ್ಕೆ ಬಟ್ಟೆ ಹಿಡಿಯುವ ಕೈ, ಡಾರ್ಫರಿನ ಕಾಣುವ ಜೀವಕ್ಕೂ ಅಷ್ಟು ಮಾಡಬೇಕು.